ಮಾನ್ಯತೆ ಬೇರೆ, ಟಾರ್ಗೆಟ್ ಬೇರೆ, ದುಡ್ಡು ಬೇರೆ: ಸರ್ಕಾರಿ ಹಣದ ತರಬೇತಿ ಕೇಂದ್ರ ಆಗುವ ಮೊದಲು

ಪ್ರಶ್ನೆ: ಸರ್, ನಾನು ಪೀಣ್ಯ ಎರಡನೇ ಹಂತದಲ್ಲಿ ಒಂದು ಬಾಡಿಗೆ ಶೆಡ್‌ನಲ್ಲಿ ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಲೋಹ ಕತ್ತರಿಸುವ ಮೆಷಿನ್) ಮತ್ತು ಲೇತ್ ಕೆಲಸ ಕಲಿಸುತ್ತೇನೆ. ಮೊದಲು ಟೂಲ್ ರೂಮ್ ಒಂದರಲ್ಲಿ ಸೂಪರ್‌ವೈಸರ್ ಆಗಿದ್ದೆ. ಎರಡು ಸಿಎನ್‌ಸಿ ಟರ್ನಿಂಗ್ ಮೆಷಿನ್, ಒಂದು ವಿಎಂಸಿ, ಮೂರು ಲೇತ್ ಇವೆ. ಹಗಲು ಜಾಬ್ ವರ್ಕ್ (ಬೇರೆ ಕಂಪನಿಗಳ ಆರ್ಡರ್ ಮಾಡಿಕೊಡುವುದು), ಬೆಳಿಗ್ಗೆ ಮತ್ತು ಸಂಜೆ ಪಾಠ. ಹಾಸನ, ತುಮಕೂರು, ರಾಯಚೂರು ಕಡೆಯ ಹುಡುಗರು ಬರುತ್ತಾರೆ. ಕಲಿತವರಿಗೆ ಪೀಣ್ಯದಲ್ಲೇ ಕೆಲಸ ಸಿಗುತ್ತದೆ. ಆದರೆ ಫೀಸ್ ಕಟ್ಟೋಕೆ ಆಗದವರೇ ಜಾಸ್ತಿ. ಉಚಿತ ತರಬೇತಿಗೆ ಸರ್ಕಾರ ಹಣ ಕೊಡುತ್ತದೆ ಅಂತ ಕೇಳಿದ್ದೇನೆ. ಈಗ ಒಬ್ಬ ಏಜೆಂಟ್ ಬಂದು, "ನಮ್ಮ ಕಂಪನಿ ಹೆಸರಲ್ಲಿ ನಿಮ್ಮ ಸೆಂಟರ್ ಅಪ್ರೂವ್ ಮಾಡಿಸ್ತೀವಿ, 4 ಲಕ್ಷ ಕೊಡಿ, ವರ್ಷಕ್ಕೆ 120 ಹುಡುಗರ ಟಾರ್ಗೆಟ್ ಗ್ಯಾರಂಟಿ" ಅನ್ನುತ್ತಿದ್ದಾರೆ. ಇದು ಸರಿಯಾದ ದಾರಿಯಾ? ಸರ್ಕಾರ ಯಾವ ಆಧಾರದ ಮೇಲೆ ಒಪ್ಪಿಗೆ ಕೊಡುತ್ತದೆ? ನನ್ನಂಥ ಸಣ್ಣವರಿಗೆ ಇದು ಆಗಿಬರುತ್ತಾ?

ಉತ್ತರ: ಮೊದಲು ಆ 4 ಲಕ್ಷದ ಮಾತು ಮುಗಿಸಿಬಿಡೋಣ. ಕೊಡಬೇಡಿ. ಆತ ಮೋಸಗಾರ ಅಂತ ನಾನು ಹೇಳುತ್ತಿಲ್ಲ. ಆತನ ಕಂಪನಿಗೆ ನಿಜಕ್ಕೂ ನೋಂದಣಿ ಇರಬಹುದು. ಆದರೆ ಟಾರ್ಗೆಟ್‌ಗೆ ಗ್ಯಾರಂಟಿ ಕೊಡುವ ಶಕ್ತಿ ಹೊರಗಿನವರು ಯಾರಿಗೂ ಇಲ್ಲ. ಎಷ್ಟು ಜನರಿಗೆ, ಯಾವ ಕೋರ್ಸಿಗೆ, ಯಾವ ಜಿಲ್ಲೆಯಲ್ಲಿ ತರಬೇತಿ ಅನ್ನುವುದನ್ನು ಸರ್ಕಾರ ತೀರ್ಮಾನಿಸುತ್ತದೆ. ಅದೂ ಆ ವರ್ಷದ ಬಜೆಟ್ ನೋಡಿಕೊಂಡು. ಬಜೆಟ್ ಕಡಿತವಾದರೆ ಗ್ಯಾರಂಟಿ ಕೊಟ್ಟವರು ಫೋನ್ ಎತ್ತುವುದಿಲ್ಲ, ಅಷ್ಟೇ.

ಇನ್ನೊಂದು ಮಾತು. ಬೇರೆಯವರ ಹೆಸರಿನಲ್ಲಿ ನೀವು ಕೇಂದ್ರ ನಡೆಸಿದರೆ ಸರ್ಕಾರದ ದಾಖಲೆಯಲ್ಲಿ ನೀವು ಇರುವುದೇ ಇಲ್ಲ. ಬಿಲ್ ಅವರ ಖಾತೆಗೆ ಹೋಗುತ್ತದೆ. ನಿಮ್ಮ ಪಾಲು ಅವರ ಕೈಯಲ್ಲಿ ಉಳಿಯುತ್ತದೆ. ಹಳ್ಳಿ ಯುವಕರಿಗಾಗಿ ಇರುವ ದೀನ್ ದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯಲ್ಲಂತೂ ಹೀಗೆ ಕೆಲಸವನ್ನು ಇನ್ನೊಬ್ಬರಿಗೆ ಒಳಗುತ್ತಿಗೆ ಕೊಡುವುದಕ್ಕೆ ಅವಕಾಶವಿಲ್ಲ. ಬೇರೆ ಯೋಜನೆ ಅಂದರೆ, ಆ ಕಂಪನಿಗೆ ಬಂದಿರುವ ಕಾರ್ಯಾದೇಶದ ಪ್ರತಿ ಕೇಳಿ ಷರತ್ತು ಓದಿ. ಕಾರ್ಯಾದೇಶ ತೋರಿಸಲು ಹಿಂದೆಮುಂದೆ ನೋಡಿದರೆ ನಿಮಗೆ ಉತ್ತರ ಸಿಕ್ಕಂತೆಯೇ.

ಈಗ ನಿಮ್ಮ ಅಸಲು ಪ್ರಶ್ನೆ. ಹೊಸಬರು ಒಪ್ಪಿಗೆ ಅನ್ನುವುದು ಒಂದೇ ಕಾಗದ ಅಂದುಕೊಳ್ಳುತ್ತಾರೆ. ಇಲ್ಲಿ ಮೂರು ಬೇರೆ ಬೇರೆ ಹಂತಗಳಿವೆ. ಮೊದಲನೆಯದು ಮಾನ್ಯತೆ: ನಿಮ್ಮ ಜಾಗ, ಮೆಷಿನ್, ಕಲಿಸುವವರು ಈ ಕೋರ್ಸಿಗೆ ಸರಿ ಇದ್ದಾರೆ ಅನ್ನುವ ಒಪ್ಪಿಗೆ. ಎರಡನೆಯದು ಟಾರ್ಗೆಟ್: ಇಷ್ಟು ಜನರಿಗೆ ಕಲಿಸಿ ಅನ್ನುವ ಆದೇಶ. ಮೂರನೆಯದು ಹಣ. ಮೊದಲನೆಯದು ಸಿಕ್ಕಿತು ಅಂತ ಎರಡನೆಯದು ಸಿಗಬೇಕು ಅಂತೇನಿಲ್ಲ. ಲೈಸೆನ್ಸ್ ಇದೆ ಅಂತ ಆಟೋಗೆ ಬಾಡಿಗೆ ಸಿಗಲೇಬೇಕು ಅಂತಿಲ್ಲವಲ್ಲ, ಹಾಗೆ. ಮಾನ್ಯತೆ ತೆಗೆದುಕೊಂಡು, ಸಿಸಿಟಿವಿ ಹಾಕಿಸಿ, ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಾ ಕಾದು ಕೊನೆಗೆ ಬಾಗಿಲು ಹಾಕಿದವರನ್ನು ನಾನು ಈ ಊರಿನಲ್ಲೇ ನೋಡಿದ್ದೇನೆ. ಟಾರ್ಗೆಟ್ ಸಿಕ್ಕಿ, ಪಾಠ ಮುಗಿಸಿ, ಬಿಲ್ ಹಿಡಿದು ಓಡಾಡುವವರನ್ನೂ ನೋಡಿದ್ದೇನೆ.

ಮಾನ್ಯತೆ ಕೊಡುವವರು ಯಾರು ಅನ್ನುವುದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಹಿಂದೆ ಕೇಂದ್ರದ ಒಂದೊಂದು ಸಚಿವಾಲಯಕ್ಕೂ ತನ್ನದೇ ಕೌಶಲ್ಯ ಯೋಜನೆ, ತನ್ನದೇ ದರ ಇತ್ತು. 2008ರಲ್ಲಿ ರಾಷ್ಟ್ರೀಯ ಕೌಶಲ್ಯಾಭಿವೃದ್ಧಿ ನಿಗಮ, ಅಂದರೆ ಎನ್‌ಎಸ್‌ಡಿಸಿ ಬಂತು. ಅದರಲ್ಲಿ ಸರ್ಕಾರದ ಪಾಲು 49, ಖಾಸಗಿಯವರ ಪಾಲು 51. 2013ರ ಡಿಸೆಂಬರ್‌ನಲ್ಲಿ ಕೋರ್ಸುಗಳಿಗೆ ಮಟ್ಟ ಗೊತ್ತುಮಾಡುವ ಎನ್‌ಎಸ್‌ಕ್ಯುಎಫ್ ಚೌಕಟ್ಟು ಬಂತು. 2014ರಲ್ಲಿ ಪ್ರತ್ಯೇಕ ಸಚಿವಾಲಯವೇ ಆಯಿತು. 2015ರ ಜುಲೈ 15ರಂದು ಪ್ರಧಾನ ಮಂತ್ರಿ ಕೌಶಲ್ ವಿಕಾಸ್ ಯೋಜನೆ, ಎಲ್ಲರೂ ಪಿಎಂಕೆವಿವೈ ಅನ್ನುವುದು, ಶುರುವಾಯಿತು. ಎಲ್ಲ ಯೋಜನೆಗಳಿಗೂ ಒಂದೇ ದರ, ಒಂದೇ ಕಂತಿನ ಲೆಕ್ಕ ಇರಲಿ ಅಂತ ಸಾಮಾನ್ಯ ಮಾನದಂಡಗಳನ್ನು ಹೊರಡಿಸಿದ್ದೂ ಅದೇ ತಿಂಗಳು. ಈ ಕೊನೆಯ ಕಾಗದವನ್ನು ನೆನಪಿಟ್ಟುಕೊಳ್ಳಿ. ನಿಮ್ಮ ಲಾಭ ನಷ್ಟ ಅದರಲ್ಲಿದೆ.

ಮೊದಮೊದಲು ಒಂದು ದೊಡ್ಡ ಎಡವಟ್ಟು ಇತ್ತು. ಒಂದೊಂದು ಉದ್ಯಮಕ್ಕೂ ಒಂದು ಸೆಕ್ಟರ್ ಸ್ಕಿಲ್ ಕೌನ್ಸಿಲ್. ನಿಮ್ಮ ಸಿಎನ್‌ಸಿ ಕೋರ್ಸಿಗೆ ಕ್ಯಾಪಿಟಲ್ ಗೂಡ್ಸ್ ಸ್ಕಿಲ್ ಕೌನ್ಸಿಲ್. ಕೋರ್ಸಿನ ಮಟ್ಟ ಬರೆಯುವುದು, ಕೇಂದ್ರವನ್ನು ಸೇರಿಸಿಕೊಳ್ಳುವುದು, ಪರೀಕ್ಷೆ ಮಾಡಿಸುವುದು, ಸರ್ಟಿಫಿಕೇಟ್ ಕೊಡುವುದು, ಎಲ್ಲ ಅದೇ ಕೌನ್ಸಿಲ್ ಮೂಲಕ. ಎಷ್ಟು ಜನ ಪಾಸಾದರೆ ಅಷ್ಟು ವ್ಯವಹಾರ ಅಂದಮೇಲೆ ಫೇಲ್ ಮಾಡುವ ಉತ್ಸಾಹ ಯಾರಿಗಿರುತ್ತದೆ? ಕಾರ್ಮಿಕ ಸಚಿವಾಲಯದಲ್ಲಿ ಮಹಾ ನಿರ್ದೇಶಕರಾಗಿದ್ದ ಶಾರದಾ ಪ್ರಸಾದ್ ಅವರ ಸಮಿತಿ ಇದನ್ನು ನೇರವಾಗಿಯೇ ಟೀಕಿಸಿತು. 2018ರ ಡಿಸೆಂಬರ್‌ನಲ್ಲಿ ಎನ್‌ಸಿವಿಇಟಿ ಎಂಬ ನಿಯಂತ್ರಣ ಮಂಡಳಿಯನ್ನು ಅಧಿಸೂಚಿಸಿದರು. 2020ರಲ್ಲಿ ಅದು ಕೆಲಸ ಶುರುಮಾಡಿತು. ಅದು ನಿಮ್ಮಂಥ ಕೇಂದ್ರವನ್ನು ನೇರವಾಗಿ ಒಪ್ಪುವುದಿಲ್ಲ. ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳನ್ನೂ ಪರೀಕ್ಷೆ ಮಾಡುವ ಸಂಸ್ಥೆಗಳನ್ನೂ ಬೇರೆ ಬೇರೆಯಾಗಿ ಒಪ್ಪುತ್ತದೆ. ಸರ್ಟಿಫಿಕೇಟ್ ಕೊಡುವ ಸಂಸ್ಥೆ ನಿಮ್ಮನ್ನು ಸೇರಿಸಿಕೊಳ್ಳಬೇಕು. ಹಾಗಾಗಿ ಯಾರಾದರೂ "ನಾವು ಎನ್‌ಸಿವಿಇಟಿ ಅಪ್ರೂವ್ಡ್ ಸೆಂಟರ್" ಅಂತ ಬೋರ್ಡ್ ಹಾಕಿದ್ದರೆ, ಯಾವ ಸಂಸ್ಥೆಯ ಮೂಲಕ ಅಂತ ಕೇಳಿ ನೋಡಿ.

ಇದು ಕೇಂದ್ರದ ಕಥೆ. ನಮ್ಮ ರಾಜ್ಯದಲ್ಲಿ 2016ರಲ್ಲಿ ಕೌಶಲ್ಯಾಭಿವೃದ್ಧಿ, ಉದ್ಯಮಶೀಲತೆ ಮತ್ತು ಜೀವನೋಪಾಯ ಇಲಾಖೆ ಆಯಿತು. 2017ರಲ್ಲಿ ಮುಖ್ಯಮಂತ್ರಿ ಕೌಶಲ್ಯ ಕರ್ನಾಟಕ ಯೋಜನೆ ಬಂತು. ಡೈರಿ ಸರ್ಕಲ್ ಹತ್ತಿರ ಬನ್ನೇರುಘಟ್ಟ ರಸ್ತೆಯಲ್ಲಿ ಕೌಶಲ್ಯ ಭವನ ಇದೆಯಲ್ಲ, ಅಲ್ಲಿ ಕರ್ನಾಟಕ ಕೌಶಲ್ಯ ಅಭಿವೃದ್ಧಿ ನಿಗಮ ಕೂತಿದೆ. ರಾಜ್ಯದ ಯೋಜನೆಗೂ ಕೇಂದ್ರದ ಯೋಜನೆಯ ರಾಜ್ಯದ ಪಾಲಿಗೂ ಅಲ್ಲಿಗೇ ಹೋಗಬೇಕು. ಆದರೆ ಗ್ರಾಮೀಣ ಕೌಶಲ್ಯ ಯೋಜನೆ ಬೇರೆ, ಅದು ರಾಜ್ಯದ ಗ್ರಾಮೀಣ ಜೀವನೋಪಾಯ ಸಂಸ್ಥೆಯಾದ ಸಂಜೀವಿನಿ ಮೂಲಕ ನಡೆಯುತ್ತದೆ. ಒಂದು ಕಡೆ ಸಿಕ್ಕ ಒಪ್ಪಿಗೆ ಇನ್ನೊಂದು ಕಡೆ ನಡೆಯುತ್ತದೆ ಅಂದುಕೊಂಡು ಹೋಗಬೇಡಿ.

ಒಪ್ಪಿಗೆಗೆ ಏನು ನೋಡುತ್ತಾರೆ? ಕಣ್ಣಿಗೆ ಕಾಣುವುದನ್ನು. 2016ರಲ್ಲಿ ಸ್ಮಾರ್ಟ್ ಅನ್ನುವ ಪೋರ್ಟಲ್ ಬಂದಾಗಿನಿಂದ ಇದು ಇನ್ನೂ ಪಕ್ಕಾ ಆಯಿತು. ಈಗ ಅದರ ಜಾಗದಲ್ಲಿ 2023ರಲ್ಲಿ ಶುರುವಾದ ಸ್ಕಿಲ್ ಇಂಡಿಯಾ ಡಿಜಿಟಲ್ ಹಬ್ ಇದೆ. ತರಗತಿ ಎಷ್ಟು ಅಡಿ, ಪ್ರಯೋಗಾಲಯ ಎಷ್ಟು ಅಡಿ, ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ ಇದೆಯಾ, ಕುಡಿಯುವ ನೀರು ಇದೆಯಾ, ಸಿಸಿಟಿವಿ ಇದೆಯಾ, ಆಧಾರ್ ಹಾಜರಿ ಯಂತ್ರ ಇದೆಯಾ, ಪಟ್ಟಿಯಲ್ಲಿರುವ ಮೆಷಿನ್ ಒಂದೊಂದೂ ಇದೆಯಾ. ಜಾಗದ ಗುರುತು ಬೀಳುವ ಫೋಟೋ ಹಾಕಬೇಕು. ಕಲಿಸುವವರಿಗೆ ತರಬೇತುದಾರರ ತರಬೇತಿ ಮುಗಿಸಿದ ಸರ್ಟಿಫಿಕೇಟ್ ಬೇಕು. ನಿಮಗೆ ಟೂಲ್ ರೂಮ್ ಅನುಭವ ಎಷ್ಟೇ ಇರಲಿ, ಆ ಸರ್ಟಿಫಿಕೇಟ್ ಇಲ್ಲದೆ ನಿಮ್ಮ ಹೆಸರು ಪೋರ್ಟಲ್‌ನಲ್ಲಿ ಟ್ರೈನರ್ ಅಂತ ಹತ್ತುವುದಿಲ್ಲ. ಇದು ಕೇಳಿ ನಿಮಗೆ ಸಿಟ್ಟು ಬರಬಹುದು. ಬರಬೇಕಾದದ್ದೇ.

ನಾನು ಕೇಂದ್ರಗಳನ್ನು ನೋಡಲು ಹೋಗುತ್ತಿದ್ದ ದಿನಗಳಲ್ಲಿ ಒಂದು ವಿಷಯ ಕಾಣುತ್ತಿತ್ತು. ಗೋಡೆಗೆ ಹೊಸ ಬಣ್ಣ, ಫ್ಲೆಕ್ಸ್, ಸಾಲಾಗಿ ಕುರ್ಚಿ, ಎಲ್ಲ ಅಚ್ಚುಕಟ್ಟು. ಮೆಷಿನ್ ಆನ್ ಮಾಡಿ ಅಂದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಇನ್ನೊಂದು ಕಡೆ, ಎಣ್ಣೆ ಮೆತ್ತಿದ ನೆಲದ ಮೇಲೆ ನಿಂತು ಒಬ್ಬ ಮೇಸ್ತ್ರಿ ಮೈಕ್ರೋಮೀಟರ್ ಹಿಡಿಯುವುದನ್ನು ಎಷ್ಟು ಚೆನ್ನಾಗಿ ಹೇಳಿಕೊಡುತ್ತಿದ್ದರು ಅಂದರೆ ನಾನೇ ಸ್ವಲ್ಪ ಹೊತ್ತು ನಿಂತುಬಿಟ್ಟೆ. ನಮೂನೆಯಲ್ಲಿ ಅವರಿಗೆ ಅಂಕ ಹಾಕಲು ಕಾಲಂ ಇರಲಿಲ್ಲ. ಪಾಠ ಹೇಗಿದೆ ಅಂತ ಅಳೆಯುವುದು ಕಷ್ಟ, ಶೌಚಾಲಯ ಎಣಿಸುವುದು ಸುಲಭ. ಸರ್ಕಾರ ಸುಲಭವಾದದ್ದನ್ನು ಅಳೆಯುತ್ತದೆ.

ಹಾಗಂತ ಈ ಪಟ್ಟಿಯನ್ನು ಸುಮ್ನೆ ತಳ್ಳಿಹಾಕಬೇಡಿ. ನಿಮ್ಮ ಪತ್ರದಲ್ಲಿ ಬರೀ ಹುಡುಗರು ಅಂತಲೇ ಇದೆ. ಹುಡುಗಿಯರು ಬರುತ್ತಿಲ್ಲ ಅಂದರೆ ಅದಕ್ಕೆ ಶೌಚಾಲಯವೂ ಒಂದು ಕಾರಣ ಇರಬಹುದು, ಸಂಜೆ ಪಾಠವೂ ಒಂದು ಕಾರಣ ಇರಬಹುದು. ಸರ್ಕಾರದ ದುಡ್ಡಿನಲ್ಲಿ ಕಲಿಸುವವರು ಇದನ್ನು ಸರಿಮಾಡಿಕೊಳ್ಳಲಿ ಅನ್ನುವುದು ತಪ್ಪಲ್ಲ.

ನಿಮ್ಮ ವಿಷಯದಲ್ಲಿ ನಿಜವಾದ ತೊಡಕು ಇನ್ನೊಂದಿದೆ. ನಿಮ್ಮದು ಜಾಬ್ ವರ್ಕ್ ನಡೆಯುವ ಶೆಡ್. ತಪಾಸಣೆಗೆ ಬಂದವರು ಕೇಳುವ ಮೊದಲ ಪ್ರಶ್ನೆಯೇ ಇದು: ಈ ಮೆಷಿನ್ ಉತ್ಪಾದನೆಗೋ, ಪಾಠಕ್ಕೋ? ಪಾರ್ಟಿ ಅರ್ಜೆಂಟ್ ಆರ್ಡರ್ ಕೊಟ್ಟ ದಿನ ಹುಡುಗರನ್ನು ಪಕ್ಕಕ್ಕೆ ನಿಲ್ಲಿಸುತ್ತೀರಾ, ಅಥವಾ ಅವರ ಕೈಯಲ್ಲೇ ಆರ್ಡರ್ ಮಾಡಿಸುತ್ತೀರಾ? ಎರಡೂ ಅವರಿಗೆ ಒಪ್ಪಿಗೆಯಿಲ್ಲ. ಎರಡನೆಯದು ಕಲಿಯಲು ಒಳ್ಳೆಯದೇ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಆದರೆ ಕಾಗದದ ಮೇಲೆ ಅದು ಸಂಬಳವಿಲ್ಲದ ದುಡಿಮೆಯಂತೆ ಕಾಣುತ್ತದೆ. ಒಂದು ಸಿಎನ್‌ಸಿ, ಎರಡು ಲೇತ್ ಇಷ್ಟು ಪಾಠಕ್ಕೆ ಮಾತ್ರ ಅಂತ ಗೆರೆ ಎಳೆದು ಬೇರೆ ಮಾಡಲು ಆಗುತ್ತದಾ ಅಂತ ಮೊದಲು ಯೋಚಿಸಿ. ಆಗಲ್ಲ ಅಂದರೆ ಅರ್ಜಿ ಹಾಕುವ ಶ್ರಮ ಬೇಡ. ಬಾಡಿಗೆ ಕರಾರು ಕೂಡ ಗಟ್ಟಿಯಾಗಿರಬೇಕು. ಶೆಡ್ ಓನರ್ ಬಾಯಿಮಾತಿಗೆ ಇಲ್ಲಿ ಬೆಲೆಯಿಲ್ಲ.

ಈಗ ದುಡ್ಡು. ಇಲ್ಲಿ ನಿಧಾನವಾಗಿ ಲೆಕ್ಕ ಹಾಕೋಣ.

ಸಾಮಾನ್ಯ ಮಾನದಂಡಗಳಲ್ಲಿ ಕೋರ್ಸುಗಳನ್ನು ಮೂರು ವರ್ಗ ಮಾಡಿದ್ದಾರೆ. 2015ರಲ್ಲಿ ಗಂಟೆಗೆ ಒಬ್ಬ ಅಭ್ಯರ್ಥಿಗೆ ಒಂದನೇ ವರ್ಗಕ್ಕೆ 38 ರೂಪಾಯಿ 50 ಪೈಸೆ, ಎರಡನೆಯದಕ್ಕೆ 33 ರೂಪಾಯಿ, ಮೂರನೆಯದಕ್ಕೆ 27 ರೂಪಾಯಿ 50 ಪೈಸೆ. ಆಮೇಲೆ ದರ ಏರಿದೆ, ಆದರೆ ಲೆಕ್ಕದ ದಾರಿ ಗೊತ್ತಾಗಲು ಇದೇ ಸಾಕು. ಯಂತ್ರ ಬೇಕಾಗುವ ಕೋರ್ಸು ಒಂದನೇ ವರ್ಗ. ಒಂದು ಬ್ಯಾಚಿಗೆ ಗರಿಷ್ಠ 30 ಜನ. ನಿಮ್ಮ ಕೋರ್ಸು 300 ಗಂಟೆ ಅಂತ ಇಟ್ಟುಕೊಳ್ಳಿ. ಪೂರ್ತಿ ಮೊತ್ತ 3,46,500 ರೂಪಾಯಿ. ಕೇಳಲು ಚೆನ್ನಾಗಿದೆ, ಅಲ್ವಾ?

ಆದರೆ ಅದು ಒಟ್ಟಿಗೆ ಬರುವುದಿಲ್ಲ. ಬ್ಯಾಚ್ ಶುರುವಾದಾಗ ನೂರಕ್ಕೆ 30, ಪರೀಕ್ಷೆ ಪಾಸಾಗಿ ಸರ್ಟಿಫಿಕೇಟ್ ಬಂದಮೇಲೆ 50, ಕೆಲಸ ಸಿಕ್ಕಮೇಲೆ 20. ಇದು ಆ ಮಾನದಂಡದ ಮೂಲ ಹಂಚಿಕೆ. 30 ಜನ ಸೇರಿ, 6 ಜನ ಮಧ್ಯದಲ್ಲೇ ಬಿಟ್ಟು, 24 ಜನ ಪಾಸಾದರು ಅನ್ನಿ. ಮೊದಲ ಕಂತು 1,03,950. ಮಧ್ಯದಲ್ಲಿ ಬಿಟ್ಟುಹೋದವರ ಮೇಲೆ ಕೊಟ್ಟ ಮುಂಗಡವನ್ನು ಮುಂದಿನ ಕಂತಿನಲ್ಲಿ ಮುರಿದುಕೊಳ್ಳುತ್ತಾರೆ. ಹಾಗಾಗಿ ಎರಡನೆಯದರಲ್ಲಿ ಕೈಗೆ ಬರುವುದು 1,17,810. ಕೊನೆಯ 55,440 ಪೂರ್ತಿ ಬೇಕು ಅಂದರೆ ಪಾಸಾದವರಲ್ಲಿ ನೂರಕ್ಕೆ 70 ಜನ ಮೂರು ತಿಂಗಳೊಳಗೆ ಕೆಲಸಕ್ಕೆ ಸೇರಿರಬೇಕು. ನಿಮ್ಮ ಲೆಕ್ಕದಲ್ಲಿ 17 ಜನ. ನೂರಕ್ಕೆ 50ಕ್ಕಿಂತ ಕಡಿಮೆಯಾದರೆ ಆ ಕಂತು ಸೊನ್ನೆ. ನಡುವೆ ಇದ್ದರೆ ತಕ್ಕಷ್ಟು ಕಡಿಮೆ. ಎಲ್ಲ ಸರಿಹೋದರೂ ಒಟ್ಟು 2,77,200.

ದಿನಕ್ಕೆ 6 ಗಂಟೆ ಕಲಿಸಿದರೂ 50 ದಿನ ಪಾಠ. ರಜೆ ಸೇರಿದರೆ ಎರಡು ತಿಂಗಳು. ಆಮೇಲೆ ಪರೀಕ್ಷೆಯ ದಿನಾಂಕಕ್ಕೆ ಕಾಯಬೇಕು, ಫಲಿತಾಂಶಕ್ಕೆ ಕಾಯಬೇಕು. ಆಮೇಲೆ ಕೆಲಸದ ದಾಖಲೆ: ನೇಮಕದ ಪತ್ರ, ಸಂಬಳದ ಚೀಟಿ ಅಥವಾ ಬ್ಯಾಂಕ್ ದಾಖಲೆ. ಬ್ಯಾಚ್ ಶುರುಮಾಡಿದ ಅರ್ಧ ವರ್ಷಕ್ಕೆ ಮೊದಲು ಕೊನೆಯ ಕಂತು ಬರುವ ಮಾತೇ ಇಲ್ಲ. ಬಿಲ್ ಮೇಜಿಂದ ಮೇಜಿಗೆ ಹೋಗುವ ಸಮಯ ಇದರ ಮೇಲೆ. ಅಷ್ಟು ದಿನ ಶೆಡ್ ಬಾಡಿಗೆ, ಕರೆಂಟ್ ಬಿಲ್, ಟ್ರೈನರ್ ಸಂಬಳ, ಕೂಲೆಂಟ್, ಎಂಎಸ್ ರಾಡ್, ಇನ್ಸರ್ಟ್ ಎಲ್ಲ ನಿಮ್ಮ ಜೇಬಿನಿಂದ. ಹೊಸ ಹುಡುಗ ಅಳತೆಯ ಆಫ್‌ಸೆಟ್ ತಪ್ಪು ಹಾಕಿ, ಟೂಲ್ ಹಿಡಿಯುವ ಟರೆಟ್ ಗುದ್ದಿಸಿದರೆ ಅದರ ಖರ್ಚು ಯಾವ ಮಾನದಂಡದಲ್ಲೂ ಇಲ್ಲ.

ನಾನು ಹೇಳಬೇಕಾದ ಮುಖ್ಯ ಮಾತು ಇಲ್ಲಿದೆ. ಒಂದನೇ ವರ್ಗಕ್ಕೂ ಮೂರನೇ ವರ್ಗಕ್ಕೂ ಗಂಟೆಗೆ 11 ರೂಪಾಯಿ ವ್ಯತ್ಯಾಸ. ಆದರೆ ಮೂರನೇ ವರ್ಗದ ಕೋರ್ಸಿಗೆ ಕುರ್ಚಿ, ಪ್ರೊಜೆಕ್ಟರ್, ಹತ್ತಿಪ್ಪತ್ತು ಕಂಪ್ಯೂಟರ್ ಸಾಕು. ನಿಮ್ಮ ಒಂದು ಸಿಎನ್‌ಸಿ ಮೆಷಿನ್‌ಗೇ ಬ್ಯಾಂಕ್ ಸಾಲ ಬೇಕು. ಹೀಗಿದ್ದಾಗ ಲೆಕ್ಕ ಬಲ್ಲವರು ಯಾವ ಕೋರ್ಸು ನಡೆಸುತ್ತಾರೆ? ನಿಯಮ ಯಾರನ್ನೂ ಬೇಡ ಅನ್ನುವುದಿಲ್ಲ. ದರ ಮತ್ತು ಕಂತು ಸೇರಿಕೊಂಡು ಆಯ್ಕೆ ಮಾಡಿಬಿಡುತ್ತವೆ. ಅಗ್ಗದ ಕೋರ್ಸು ನಡೆಸುವವರು, ಆರೆಂಟು ತಿಂಗಳು ಹಣವಿಲ್ಲದೆ ತಡೆದುಕೊಳ್ಳುವ ದೊಡ್ಡವರು ಉಳಿಯುತ್ತಾರೆ. ಕೆಲಸ ಬಲ್ಲ ಸಣ್ಣವರು ಹೊರಗೇ ನಿಲ್ಲುತ್ತಾರೆ, ಇಲ್ಲವೇ ನಿಮಗೆ ಬಂದಂಥ ಏಜೆಂಟರ ಕೈಗೆ ಸಿಗುತ್ತಾರೆ. ನಿಮ್ಮ ಬಾಗಿಲಿಗೆ ಆತ ಬಂದದ್ದು ಆಕಸ್ಮಿಕ ಅಲ್ಲ. ಅವರ ಹತ್ತಿರ ನೋಂದಣಿ ಇದೆ, ಮೆಷಿನ್ ಇಲ್ಲ. ನಿಮ್ಮ ಹತ್ತಿರ ಮೆಷಿನ್ ಇದೆ, ನೋಂದಣಿ ಇಲ್ಲ.

ಕೆಲಸ ಕೊಡಿಸುವ ಷರತ್ತಿನ ಬಗ್ಗೆಯೂ ಒಂದು ಮಾತು. ಪಿಎಂಕೆವಿವೈಯ ಮೊದಲ ಮೂರು ಆವೃತ್ತಿಗಳಲ್ಲಿ, ಅಂದರೆ 2021-22ರವರೆಗೆ, ಅಲ್ಪಾವಧಿ ತರಬೇತಿ ಪಡೆದವರಿಗೆ ಕೆಲಸ ಸಿಕ್ಕಿತಾ ಅಂತ ಲೆಕ್ಕ ಇಡುತ್ತಿದ್ದರು. ನಾಲ್ಕನೇ ಆವೃತ್ತಿಯಲ್ಲಿ ಅಭ್ಯರ್ಥಿ ತನಗೆ ಬೇಕಾದ ದಾರಿ ಆರಿಸಿಕೊಳ್ಳಲಿ, ಅದಕ್ಕೆ ತಯಾರು ಮಾಡುವುದು ನಮ್ಮ ಕೆಲಸ ಅಂತ ಸಚಿವಾಲಯ ಸಂಸತ್ತಿಗೆ ಹೇಳಿತು. ಇದಕ್ಕೆ ಕಾರಣ ಇಲ್ಲದಿಲ್ಲ. ಸುಳ್ಳು ನೇಮಕ ಪತ್ರದ ಹಾವಳಿ ಎಲ್ಲರಿಗೂ ಗೊತ್ತಿರುವುದೇ. ಆದರೆ ನಿಮ್ಮಂಥವರಿಗೆ ಇದರಿಂದ ನಷ್ಟ. ನಿಮ್ಮ ಬಲ ಇರುವುದೇ ಅಲ್ಲಿ. ನಿಮ್ಮ ಹುಡುಗರು ಎರಡು ರಸ್ತೆ ಆಚೆ ಕೆಲಸ ಮಾಡುತ್ತಿದ್ದಾರೆ. ಆ ಗುಣಕ್ಕೆ ಅಂಕ ಇಲ್ಲ ಅಂದಮೇಲೆ ನೀವೂ ಒಂದೇ, ಫ್ಲೆಕ್ಸ್ ಹಾಕಿದವರೂ ಒಂದೇ.

ಬೇರೆ ಕಡೆ ಇದನ್ನು ಹೇಗೆ ಮಾಡುತ್ತಾರೆ? ಅಮೆರಿಕದಲ್ಲಿ 2014ರ ಒಂದು ಕಾನೂನಿನ ಪ್ರಕಾರ ಪ್ರತಿ ರಾಜ್ಯವೂ ಅರ್ಹ ತರಬೇತಿ ಸಂಸ್ಥೆಗಳ ಪಟ್ಟಿ ಇಡಬೇಕು. ಸರ್ಕಾರದ ಹಣ ಬಳಸುವವರು ಆ ಪಟ್ಟಿಯಿಂದ ತಮಗೆ ಬೇಕಾದ ಕೋರ್ಸನ್ನು ಆರಿಸಿಕೊಳ್ಳುತ್ತಾರೆ. ಕೋರ್ಸಿನಿಂದ ಹೊರಬಂದ ನಂತರ ಎರಡನೇ ತ್ರೈಮಾಸಿಕದಲ್ಲಿ ಎಷ್ಟು ಜನ ಕೆಲಸದಲ್ಲಿದ್ದರು, ನಾಲ್ಕನೆಯದರಲ್ಲಿ ಎಷ್ಟು ಜನ, ಸಂಬಳ ಎಷ್ಟು ಅನ್ನುವುದನ್ನು ಲೆಕ್ಕ ಹಾಕುತ್ತಾರೆ. ಆ ಮಾಹಿತಿಯನ್ನು ತರಬೇತಿ ಕೇಂದ್ರದ ಕಾಗದದಿಂದ ಅಲ್ಲ, ಮಾಲೀಕರು ನಿರುದ್ಯೋಗ ವಿಮೆಗೆ ಸಲ್ಲಿಸುವ ಸಂಬಳದ ದಾಖಲೆಯಿಂದ ತೆಗೆಯುತ್ತಾರೆ. ಅಲ್ಲೂ ತಕರಾರು ಬೇಕಾದಷ್ಟಿವೆ, ಸಣ್ಣ ಸಂಸ್ಥೆಗಳು ಮಾಹಿತಿ ಕೊಡುವ ಹೊರೆಗೆ ಹೆದರಿ ಪಟ್ಟಿಗೇ ಬರುವುದಿಲ್ಲ. ಆದರೂ ನಮ್ಮಲ್ಲಿ ಪಿಎಫ್ ಸಂಖ್ಯೆ, ಇಎಸ್ಐ ಸಂಖ್ಯೆ ಎರಡೂ ಇವೆ. ಪೀಣ್ಯದ ಮಧ್ಯಮ ಗಾತ್ರದ ಕಾರ್ಖಾನೆಗೆ ಸೇರಿದ ಹುಡುಗನ ಹೆಸರು ಅಲ್ಲಿ ಬಂದೇ ಬರುತ್ತದೆ. ಅದನ್ನು ನೋಡಿದರೆ ನೇಮಕ ಪತ್ರದ ನಾಟಕವೇ ಬೇಕಿಲ್ಲ.

ಅಷ್ಟು ದೂರ ಯಾಕೆ, ನಮ್ಮಲ್ಲೇ ಒಂದು ಮಾದರಿ ಇದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಶುರುಮಾಡಿದ ರುಡ್‌ಸೆಟ್. ಉಚಿತ ತರಬೇತಿ, ಊಟ ವಸತಿ ಅಲ್ಲೇ. ತರಬೇತಿ ಮುಗಿದಮೇಲೂ ಎರಡು ವರ್ಷ ಬೆನ್ನಿಗೆ ಬಿದ್ದು ವಿಚಾರಿಸುತ್ತಾರೆ: ಅಂಗಡಿ ಹಾಕಿದೆಯಾ, ಸಾಲ ಸಿಕ್ಕಿತಾ. ಇದೇ ಮಾದರಿಯಲ್ಲಿ ದೇಶದ ಬಹುತೇಕ ಜಿಲ್ಲೆಗಳಲ್ಲಿ ಆರ್‌ಸೆಟಿಗಳು, ಅಂದರೆ ಬ್ಯಾಂಕುಗಳು ನಡೆಸುವ ಸ್ವಉದ್ಯೋಗ ತರಬೇತಿ ಸಂಸ್ಥೆಗಳು, ಬಂದವು. ಅದು ಸ್ವಂತ ಉದ್ಯೋಗದ ದಾರಿ, ನಿಮ್ಮದು ಕಾರ್ಖಾನೆಯ ಕೆಲಸ. ಆದರೂ ಹುಡುಗ ಹೊರಗೆ ಹೋದಮೇಲೆ ವಿಚಾರಿಸುವ ಅಭ್ಯಾಸ ಅಲ್ಲಿದೆ, ಇಲ್ಲಿಲ್ಲ.

ವಿಚಾರಿಸದೆ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ಸರ್ಕಾರದ ಖರ್ಚನ್ನು ಪರಿಶೋಧಿಸುವ ಸಿಎಜಿಯ ವರದಿ ಓದಬಹುದು. ಪಿಎಂಕೆವಿವೈಯ ಮೊದಲ ಮೂರು ಆವೃತ್ತಿಗಳನ್ನು ನೋಡಿದ ಆ ವರದಿ 2025ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮುಂದೆ ಬಂತು. ನೂರಕ್ಕೆ 90ಕ್ಕೂ ಹೆಚ್ಚು ಅಭ್ಯರ್ಥಿಗಳ ಬ್ಯಾಂಕ್ ಖಾತೆಯ ಕಾಲಂನಲ್ಲಿ ಸೊನ್ನೆ, ಖಾಲಿ ಅಥವಾ ಅರ್ಥವಿಲ್ಲದ ಅಕ್ಷರ. ಬೇರೆ ಬೇರೆ ಅಭ್ಯರ್ಥಿಗಳಿಗೆ ಒಂದೇ ಫೋಟೋ. ಹೀಗೆ ಒಂದೊಂದು ವರದಿ ಬಂದಾಗಲೂ ಹೊಸ ಕ್ಯಾಮೆರಾ, ಹೊಸ ಹಾಜರಿ ಯಂತ್ರ ಸೇರಿಕೊಳ್ಳುತ್ತದೆ. ಅದರ ಹೊರೆ ಬೀಳುವುದು ನೆಟ್ಟಗೆ ನಡೆಸುವವರ ಮೇಲೆ. ಕೂಲೆಂಟ್ ತಾಗಿ, ಲೋಹ ಉಜ್ಜಿ ಸವೆದ ಬೆರಳು ಬಯೋಮೆಟ್ರಿಕ್‌ಗೆ ಸರಿಯಾಗಿ ಓದುವುದಿಲ್ಲ ಅಂತ ನಿಮಗೆ ಹೇಳಬೇಕಾಗಿಲ್ಲ. ಚೆನ್ನಾಗಿ ಕೆಲಸ ಮಾಡಿದ ಹುಡುಗನೇ ಗೈರುಹಾಜರಿ! ಈಗ ಮುಖ ಗುರುತಿಸುವ ಹಾಜರಿ ಬಂದು ಅದು ಸ್ವಲ್ಪ ಸುಧಾರಿಸಿದೆ.

ರಾಜ್ಯದ ಟಾರ್ಗೆಟ್ ಹಂಚಿಕೆಯಲ್ಲಿ ನೀವು ತಿಳಿದಿರಬೇಕಾದ ಇನ್ನೊಂದು ಮಾತಿದೆ. 1999ರ ಪಾರದರ್ಶಕತೆ ಕಾಯ್ದೆ, ಕಚೇರಿಗಳಲ್ಲಿ ಎಲ್ಲರೂ ಕೆಟಿಪಿಪಿ ಅನ್ನುವುದು, ಸರ್ಕಾರ ಹಣ ಕೊಟ್ಟು ಪಡೆಯುವ ಸೇವೆಗೆ ಟೆಂಡರ್ ಕರೆಯಬೇಕು ಅನ್ನುತ್ತದೆ. ಅದರಲ್ಲೇ 4ಜಿ ಎಂಬ ಕಲಂ ಇದೆ. ಸರ್ಕಾರ ಅಧಿಸೂಚನೆ ಹೊರಡಿಸಿ ಯಾವುದೇ ಖರೀದಿಗೆ ಟೆಂಡರ್‌ನಿಂದ ವಿನಾಯಿತಿ ಕೊಡಬಹುದು. ವಿಧಾನಸೌಧದ ಸುತ್ತ 4ಜಿ ಅಂದರೆ ಮೊಬೈಲ್ ಅಲ್ಲ, ಇದು. ಟೆಂಡರ್ ಕರೆದರೆ ವಹಿವಾಟಿನ ಮೊತ್ತ, ಹಿಂದೆ ತರಬೇತಿ ಕೊಟ್ಟವರ ಸಂಖ್ಯೆ ಇಂಥ ಅರ್ಹತೆಗಳನ್ನು ಹಾಕುತ್ತಾರೆ, ಅಲ್ಲಿ ಸಣ್ಣವರು ಬೀಳುತ್ತಾರೆ. ವಿನಾಯಿತಿ ಕೊಟ್ಟರೆ ಪರಿಚಯ ಇದ್ದವರಿಗೆ ಹೋಯಿತು ಅಂತ ದೂರು. ನನಗೆ ಎರಡರ ಮೇಲೂ ಪೂರ್ತಿ ನಂಬಿಕೆ ಇಲ್ಲ. ಸಣ್ಣ ಕೇಂದ್ರಗಳಿಗೆ ಮೊದಲು ಒಂದೇ ಬ್ಯಾಚ್ ಕೊಟ್ಟು, ಪಿಎಫ್ ದಾಖಲೆಯಲ್ಲಿ ಹುಡುಗರು ಕಂಡರೆ ಮುಂದಿನ ಬ್ಯಾಚ್ ಕೊಡುವ ಪದ್ಧತಿ ಬಂದರೆ ಈ ಜಗಳದ ಅರ್ಧ ಮುಗಿಯುತ್ತದೆ ಅಂತ ನನ್ನ ಅಭಿಪ್ರಾಯ.

ಅದು ಬರುವವರೆಗೆ ನೀವೇನು ಮಾಡಬಹುದು? ನನಗೆ ಕಾಣುವ ಒಳ್ಳೆಯ ದಾರಿ ಅಪ್ರೆಂಟಿಸ್‌ಶಿಪ್, ಅಂದರೆ ಕಾರ್ಖಾನೆಯಲ್ಲೇ ಸ್ಟೈಪೆಂಡ್ ಪಡೆಯುತ್ತಾ ಕೆಲಸ ಕಲಿಯುವುದು. 1961ರ ಅಪ್ರೆಂಟಿಸ್ ಕಾಯ್ದೆಯ ಈಗಿನ ನಿಯಮದ ಪ್ರಕಾರ 30 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ನೂರಕ್ಕೆ ಎರಡೂವರೆಯಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಜನ ಇರುವ ಕಡೆ ಬೇಕಿದ್ದರೆ ತೆಗೆದುಕೊಳ್ಳಬಹುದು. 2016ರಲ್ಲಿ ಶುರುವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಸ್ಟೈಪೆಂಡಿನ ನಾಲ್ಕನೇ ಒಂದು ಭಾಗವನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಕೇಂದ್ರ ಸರ್ಕಾರ ಕೊಡುತ್ತದೆ. 2023ರಿಂದ ಅದು ನೇರ ಹುಡುಗರ ಖಾತೆಗೇ ಬರುತ್ತಿದೆ. ಮಧ್ಯದಲ್ಲಿ ಯಾರ ಬಿಲ್ಲೂ ಇಲ್ಲ. ಪೀಣ್ಯದಲ್ಲಿ ಈ ಕಾಯ್ದೆಗೆ ಒಳಪಡುವ ಕಾರ್ಖಾನೆಗಳು ಬೇಕಾದಷ್ಟಿವೆ. ಎಷ್ಟೋ ಕಡೆ ಮೊದಲ ಎರಡು ತಿಂಗಳು ಹುಡುಗರಿಗೆ ಮೂಲ ಪಾಠ ಹೇಳಲು ಜಾಗವಿಲ್ಲ, ಮೆಷಿನ್ ಬಿಡುವಿಲ್ಲ. ಆ ಮೂಲ ತರಬೇತಿ ನಾನು ಕೊಡುತ್ತೇನೆ ಅಂತ ನಿಮ್ಮ ಗೊತ್ತಿರುವ ನಾಲ್ಕು ಕಾರ್ಖಾನೆಗಳ ಹತ್ತಿರ ಮಾತಾಡಿ. ಫೀಸ್ ಕಟ್ಟಲಾಗದ ಹುಡುಗನಿಗೆ ಕೈಯಲ್ಲಿ ಸ್ಟೈಪೆಂಡ್ ಬರುತ್ತದೆ, ನಿಮಗೆ ಕಾರ್ಖಾನೆಯಿಂದ ಹಣ ಬರುತ್ತದೆ.

ಕಂಪನಿಗಳ ಸಿಎಸ್ಆರ್ ಹಣವನ್ನೂ, ಅಂದರೆ ಕಾನೂನಿನಂತೆ ಸಮಾಜದ ಕೆಲಸಕ್ಕೆ ತೆಗೆದಿಡುವ ಹಣವನ್ನೂ, ಕೇಳಬಹುದು. ಅದನ್ನು ಖರ್ಚು ಮಾಡಬಹುದಾದ ಕೆಲಸಗಳ ಪಟ್ಟಿಯಲ್ಲಿ ವೃತ್ತಿ ಕೌಶಲ್ಯ ಇದೆ. ಆದರೆ ಸ್ವಂತ ಮಾಲೀಕತ್ವದ ಸಂಸ್ಥೆಗೆ ಅದು ನೇರವಾಗಿ ಬರುವುದಿಲ್ಲ, ಟ್ರಸ್ಟ್, ಸೊಸೈಟಿ ಅಥವಾ ಲಾಭಕ್ಕಲ್ಲದ ಕಂಪನಿ ಆಗಿ ನೋಂದಣಿ ಮಾಡಿಸಬೇಕು. ಬರೀ ಅದಕ್ಕಾಗಿ ಟ್ರಸ್ಟ್ ಮಾಡಬೇಡಿ. ಈಗಾಗಲೇ ಇರುವ ಒಳ್ಳೆಯ ಟ್ರಸ್ಟ್ ಒಂದು ಹುಡುಗರ ಫೀಸ್ ಕಟ್ಟುವಂತೆ ಮಾಡಿಕೊಂಡರೆ ಸಾಕು.

ಇಷ್ಟೆಲ್ಲ ಕೇಳಿದಮೇಲೂ ಸರ್ಕಾರದ ಮಾನ್ಯತೆಯೇ ಬೇಕು ಅನಿಸಿದರೆ, ಮೊದಲು ನಿಮ್ಮ ಹೆಸರಿನ ಟ್ರೈನರ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ಅದು ಎಲ್ಲಿ ಹೋದರೂ ನಿಮ್ಮ ಜೊತೆ ಬರುತ್ತದೆ. ಐಟಿಐಗಳಲ್ಲೂ ಕಲಿಸುವ ಆಸೆ ಇದ್ದರೆ ಯಶವಂತಪುರದ ಕಡೆ ಇರುವ ರಾಷ್ಟ್ರೀಯ ಕೌಶಲ್ಯ ತರಬೇತಿ ಸಂಸ್ಥೆಯಲ್ಲಿ ಬೋಧಕರ ಕೋರ್ಸಿನ ಬಗ್ಗೆ ವಿಚಾರಿಸಿ. ಆಮೇಲೆ ಪಾಠದ ಮೆಷಿನ್ ಬೇರೆ ಮಾಡಿ. ಹುಡುಗರು ಯಾವ ಕಾರ್ಖಾನೆಯಲ್ಲಿ, ಯಾವ ತಿಂಗಳಿಂದ, ಎಷ್ಟು ಸಂಬಳಕ್ಕೆ ಇದ್ದಾರೆ ಅಂತ ಒಂದು ರಿಜಿಸ್ಟರ್ ಇವತ್ತೇ ಶುರುಮಾಡಿ, ಅವರ ಒಪ್ಪಿಗೆ ಪಡೆದು ಪಿಎಫ್ ಸಂಖ್ಯೆಯನ್ನೂ ಬರೆದಿಡಿ. ರಾಜಾಜಿನಗರದ ಜಿಟಿಟಿಸಿಗೆ, ಅಂದರೆ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರಕ್ಕೆ, ಒಮ್ಮೆ ಹೋಗಿ ಬನ್ನಿ. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಶುರುವಾದ ಸಂಸ್ಥೆ ಅದು. ಅವರು ಇದೇ ಕೋರ್ಸನ್ನು ಹೇಗೆ ನಡೆಸುತ್ತಾರೆ, ಒಂದು ಮೆಷಿನ್‌ಗೆ ಎಷ್ಟು ಜನ ನಿಲ್ಲುತ್ತಾರೆ ಅಂತ ನೋಡಿದರೆ ನಿಮ್ಮ ಬ್ಯಾಚ್ 30 ಇರಬೇಕೋ 15 ಇರಬೇಕೋ ಅನ್ನುವುದು ನಿಮಗೇ ಗೊತ್ತಾಗುತ್ತದೆ.

ಅರ್ಜಿ ಹಾಕುವ ಮೊದಲು ಕೌಶಲ್ಯ ಅಭಿವೃದ್ಧಿ ನಿಗಮಕ್ಕೆ ಒಂದು ಆರ್‌ಟಿಐ ಹಾಕಿ. 10 ರೂಪಾಯಿ ಶುಲ್ಕ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಕೇಳಬೇಕಾದದ್ದು ಇಷ್ಟೇ: ಕಳೆದ ಎರಡು ವರ್ಷಗಳಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿ ಸಿಎನ್‌ಸಿ ಕೋರ್ಸಿಗೆ ಯಾವ ಯಾವ ಕೇಂದ್ರಕ್ಕೆ ಎಷ್ಟು ಟಾರ್ಗೆಟ್ ಕೊಟ್ಟಿದ್ದೀರಿ, ಎಷ್ಟು ಹಣ ಬಿಡುಗಡೆಯಾಗಿದೆ, ಎಷ್ಟು ಬಾಕಿ ಇದೆ. 30 ದಿನದಲ್ಲಿ ಉತ್ತರ ಬರಬೇಕು. ಬಾಕಿಯ ಕಾಲಂ ದೊಡ್ಡದಿದ್ದರೆ ಈ ವರ್ಷ ಅರ್ಜಿ ಬೇಡ. ಏಜೆಂಟ್ ಹೇಳಿದ ಕಂಪನಿಯ ಹೆಸರು ಆ ಪಟ್ಟಿಯಲ್ಲಿ ಇದೆಯಾ ಅಂತಲೂ ಆಗಲೇ ನೋಡಿಕೊಳ್ಳಿ.